ತಿರುಗುವ ರಾಡಿಗೆ ಗಾರ್ಡ್ ಹಾಕಿದರೆ ಕೆಲಸ ಮಾಡೋದು ಹೇಗೆ? ಕ್ರಾಲರ್ ಡ್ರಿಲ್, ಟ್ರ್ಯಾಕ್ಟರ್ ಆಗರ್, ಕಲಬುರಗಿ

ಎರೆಮಣ್ಣು_ಕಲಬುರಗಿ ಕೇಳಿದ್ದು:

ನಮಸ್ಕಾರ್ರೀ ಎಲ್ಲರಿಗೂ. ಕಲಬುರಗಿಯಲ್ಲಿ ಪೈಲ್ (ಪಾಯದ ಕಂಬ) ತೋಡುವ ಸಣ್ಣ ಕಾಂಟ್ರಾಕ್ಟರ್ ನಾನು. ಎರಡು ಮಷಿನ್ ಇವೆ. ಒಂದು ಟ್ರ್ಯಾಕ್ಟರ್ ಹಿಂದೆ ಕೂರುವ ಆಗರ್, ಅಂದರೆ ನೆಲ ಕೊರೆಯುವ ಸುರುಳಿ. ಟ್ರ್ಯಾಕ್ಟರ್ ಇಂಜಿನ್ ಶಕ್ತಿ ಹಿಂದಕ್ಕೆ ಕೊಡುವ ಪಿಟಿಒ ಶಾಫ್ಟಿನಿಂದ ಓಡುತ್ತದೆ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಗೊತ್ತೇ ಇದೆಯಲ್ಲ. ಅದಕ್ಕೇ ಮನೆ ಕಟ್ಟುವವರು ಅಂಡರ್ ರೀಮ್ಡ್ ಪೈಲ್ (ತಳದ ಕಡೆ ಅಗಲವಾಗುವ ಪೈಲ್) ಕೇಳುತ್ತಾರೆ. ಅದರ ಗುಂಡಿ, ಕಾಂಪೌಂಡ್ ಕಂಬದ ಗುಂಡಿ ಎಲ್ಲ ಇದರಲ್ಲೇ. ಇನ್ನೊಂದು ಚೈನ್ ಮೇಲೆ ಓಡುವ ಸೆಕೆಂಡ್ ಹ್ಯಾಂಡ್ ಕ್ರಾಲರ್ ಡ್ರಿಲ್. ರಾಡ್ ತಿರುಗಿಸೋದು ಹೈಡ್ರಾಲಿಕ್ ರೋಟರಿ ಹೆಡ್, ಮೈಕ್ರೋಪೈಲ್ (ಸಣ್ಣ ವ್ಯಾಸದ ಪೈಲ್) ಮತ್ತು ಆಂಕರ್ ಕೆಲಸಕ್ಕೆ. ನಾನು ತಗೊಂಡಾಗಲೇ ಅದರ ಮಾಸ್ಟಿನ (ಹೆಡ್, ರಾಡ್ ಹೊತ್ತು ನಿಲ್ಲುವ ಕಂಬದ) ಮುಂದೆ ಗಾರ್ಡ್ ಇರಲಿಲ್ಲ. ಗಾರ್ಡ್ ಕೂರಿಸಿದ್ದ ಬ್ರ್ಯಾಕೆಟ್ ಮಾತ್ರ ಇವೆ, ಗ್ಯಾಸ್ ಕಟರಿನಿಂದ ಕತ್ತರಿಸಿದ ಗುರುತು ಈಗಲೂ ಕಾಣುತ್ತದೆ.

ಹೋದ ವಾರ ಸೇಡಂ ಕಡೆ ಒಂದು ಫ್ಯಾಕ್ಟರಿ ಒಳಗೆ ಪಾಯದ ಕೆಲಸಕ್ಕೆ ಎರಡನ್ನೂ ಕಳಿಸಿದೆ. ಗೇಟಿನಲ್ಲೇ ತಡೆದರು. ಅಲ್ಲಿನ ಸೇಫ್ಟಿ ಆಫೀಸರ್ ಮಷಿನ್ ಸುತ್ತ ಒಂದು ಸಲ ಬಂದು, "ರಾಡಿಗೆ ಇಂಟರ್‌ಲಾಕ್ ಇರುವ, ಅಂದರೆ ಬಾಗಿಲು ತೆಗೆದರೆ ತಿರುಗೋದು ನಿಲ್ಲಿಸುವ ಗಾರ್ಡ್ ಬೇಕು, ಪಿಟಿಒ ಶಾಫ್ಟಿಗೆ ಕವರ್ ಬೇಕು, ಅಲ್ಲಿವರೆಗೆ ಒಳಗೆ ಬಿಡಲ್ಲ" ಅಂದುಬಿಟ್ಟರು.

ನನ್ನ ಆಪರೇಟರ್ ಹಳಬ, ಕೈ ಚೆನ್ನಾಗಿದೆ. ಅವನು ಹೇಳೋದೇ ಬೇರೆ. "ಗಾರ್ಡ್ ಹಾಕಿದರೆ ರಾಡ್ ಜೋಡಿಸೋದು ಹೇಗೆ, ಬಿಚ್ಚೋದು ಹೇಗೆ? ಪ್ರತಿ ರಾಡಿಗೂ ಬಾಗಿಲು ತೆಗೆದು ಹಾಕ್ತಾ ಕೂತರೆ ಸಂಜೆಗೆ ಎಷ್ಟು ಪೈಲ್ ಆಗುತ್ತೆ?" ಅಂತಾನೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಹಾಗಾಗಿದೆ ನನ್ನ ಪಾಡು.

ಡೀಲರ್ ಹತ್ತಿರ ಒರಿಜಿನಲ್ ಗಾರ್ಡ್ ಕೇಳಿದೆ. ರೇಟು ಕೇಳಿ ಫೋನ್ ಇಟ್ಟೆ. ಹುಮನಾಬಾದ್ ರಿಂಗ್ ರೋಡಿನಲ್ಲಿ ನನಗೆ ಗೊತ್ತಿರುವ ವೆಲ್ಡರ್ ಇದ್ದಾನೆ. ಅಳತೆ ಕೊಟ್ಟರೆ ಏನು ಬೇಕಾದರೂ ಮಾಡಿಕೊಡುತ್ತಾನೆ. ಇಲ್ಲೇ ಮಾಡಿಸಬಹುದಾ? ಮಾಡಿಸಿದರೆ ಏನೇನು ನೋಡಿಕೊಳ್ಳಬೇಕು? ಸುಮ್ನೆ ಗೇಟ್ ಪಾಸಿಗೋಸ್ಕರ ಒಂದು ಜಾಲರಿ ನೇತುಹಾಕೋದು ನನಗೆ ಬೇಡ. ದುಡ್ಡು ಹಾಕಿದ ಮೇಲೆ ಅದು ಕೆಲಸಕ್ಕೆ ಬರಬೇಕು.

ಸುರಪುರ_ಬೋರ್‌ವೆಲ್:

ಅಣ್ಣಾ, ಬೇಜಾರು ಮಾಡ್ಕೋಬೇಡಿ, ಇದೆಲ್ಲ ಕಾಗದದ ಮೇಲಿನ ಮಾತು. ಯಾದಗಿರಿ ಜಿಲ್ಲೆಯಲ್ಲಿ ನಾವು ಗಟ್ಟಿ ಕಲ್ಲಿನಲ್ಲಿ ಡಿಟಿಎಚ್ ಹ್ಯಾಮರ್ (ಗುಂಡಿಯ ತಳದಲ್ಲೇ ಗಾಳಿಯಿಂದ ಬಡಿಯುವ ಸುತ್ತಿಗೆ) ಓಡಿಸುವವರು. ರಾಡ್ ತಿರುಗೋದು ಎಷ್ಟು? ನಿಮಿಷಕ್ಕೆ ಇಪ್ಪತ್ತು, ಮೂವತ್ತು ಸುತ್ತು. ಕಣ್ಣಿಗೆ ಕಾಣೋ ಹಾಗೆ ನಿಧಾನವಾಗಿ ತಿರುಗುತ್ತದೆ. ಅದಕ್ಕೆ ಪಂಜರ ಯಾಕೆ? ನಮ್ಮಲ್ಲಿ ಭಯ ಅಂದರೆ ಕಂಪ್ರೆಸರ್ ಹೋಸಿಂದು. ಅದು ಕಿತ್ತು ಬಂತು ಅಂದರೆ ಎದುರಿಗೆ ಸಿಕ್ಕವನ ಕಥೆ ಮುಗೀತು. ಹೋಸಿಗೆ ಎರಡೂ ಕಡೆ ಚೈನ್ ಕಟ್ಟೋದು ಬಿಟ್ಟು ರಾಡಿಗೆ ಬಾಗಿಲು ಹಾಕ್ತಾ ಕೂರೋದು ಯಾಕೆ ಅಂತ ನನಗೆ ಅರ್ಥ ಆಗ್ತಿಲ್ಲ. ಟ್ರ್ಯಾಕ್ಟರ್ ಶಾಫ್ಟ್ ಬೇರೆ ವಿಷಯ. ಅದು ಜೋರಾಗಿ ತಿರುಗುತ್ತದೆ, ಅದಕ್ಕೆ ಕವರ್ ಹಾಕಿಸಿ.

ಬೀದರ್_ರಿಗ್_ಮೆಕ್ಯಾನಿಕ್:

ರಿಗ್ ರಿಪೇರಿ ನನ್ನ ಹೊಟ್ಟೆಪಾಡು. ಬೀದರಿನಿಂದ ಹಿಡಿದು ಚಿಂಚೋಳಿ, ಕಲಬುರಗಿ ತನಕ ಓಡಾಡುತ್ತೇನೆ. ಗಾರ್ಡ್ ಕೂರಿಸೋದೂ ಗೊತ್ತು, ಕೂರಿಸಿದ ಗಾರ್ಡನ್ನು ಜನ ಹೇಗೆ ಕಿತ್ತು ಹಾಕುತ್ತಾರೆ ಅನ್ನೋದೂ ಗೊತ್ತು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಸುರಪುರದ ಅಣ್ಣನಿಗೆ. ಹೋಸಿನ ಮಾತು ನೂರಕ್ಕೆ ನೂರು ಸರಿ. ಆದರೆ "ನಿಧಾನ ತಿರುಗುತ್ತದೆ" ಅನ್ನೋದೇ ಮೋಸ. ಲೆಕ್ಕ ಹಾಕಿ ನೋಡ್ರಿ. 76 ಮಿ.ಮೀ. ರಾಡ್ ನಿಮಿಷಕ್ಕೆ 30 ಸುತ್ತು ತಿರುಗಿದರೆ ಅದರ ಮೈ ಸೆಕೆಂಡಿಗೆ ಸುಮಾರು 12 ಸೆಂಟಿಮೀಟರ್ ಓಡುತ್ತದೆ. ಅಂಗಿಯ ತೋಳಿನಲ್ಲಿ ಇರುವ ಸಡಿಲ ಬಟ್ಟೆ ಎಷ್ಟು? ಒಂದು ಗೇಣು. ಎರಡು ಸೆಕೆಂಡಿನಲ್ಲಿ ಮುಗಿಯಿತು. ಆಮೇಲೆ ಎಳೆಯೋದು ಕೈಯನ್ನೇ. ಇನ್ನು ಬಲ. ಹೆಡ್ಡಿನ ಟಾರ್ಕ್ 3000 ನ್ಯೂಟನ್ ಮೀಟರ್ ಅಂತ ಇಟ್ಟುಕೊಳ್ಳಿ. ಅಷ್ಟು ಸಣ್ಣ ರಾಡಿನ ಮೈಮೇಲೆ ಅದು ಹತ್ತಿರ ಹತ್ತಿರ 8 ಟನ್ ಎಳೆತ. ಕಲ್ಲು ಕೊರೆಯುವ ಮಷಿನಿಗೆ ಮನುಷ್ಯನ ಕೈ ಸಿಕ್ಕಿದ್ದು ಗೊತ್ತೇ ಆಗಲ್ಲ. ಇಂಜಿನ್ ಶಬ್ದ ಕೂಡ ಬದಲಾಗಲ್ಲ. ಜೋರಾಗಿ ತಿರುಗುವ ಶಾಫ್ಟಿನ ಹತ್ತಿರ ಯಾರೂ ಹೋಗಲ್ಲ, ಹೆದರುತ್ತಾರೆ. ನಿಧಾನ ತಿರುಗುವ ರಾಡಿಗೆ ಒರಗಿ ನಿಂತು ಫೋನಿನಲ್ಲಿ ಮಾತಾಡುವವರನ್ನು ನಾನು ಕಂಡಿದ್ದೇನೆ.

ಈಗ ಪ್ರಶ್ನೆ ಕೇಳಿದವರಿಗೆ. ನಿಮ್ಮ ಆಪರೇಟರ್ ಹೇಳಿದ್ದು ತಪ್ಪಲ್ಲ. ಅವನ ಮಾತನ್ನೇ ಹಿಡಿದು ಗಾರ್ಡ್ ಮಾಡಿಸಿ. ಬಿಚ್ಚಿದರೆ ಮಾತ್ರ ಕೆಲಸ ಆಗುತ್ತದೆ ಅನ್ನೋ ಗಾರ್ಡನ್ನು ಒಂದಲ್ಲ ಒಂದು ದಿನ ಬಿಚ್ಚೇ ಬಿಚ್ಚುತ್ತಾರೆ. ನಿಮ್ಮ ಮಷಿನಿನ ಮೇಲೆ ಗ್ಯಾಸ್ ಕಟರ್ ಗುರುತು ಇದೆ ಅಂದಿರಲ್ಲ, ಅದು ಹೀಗೇ ಆಗಿದ್ದು. ಕತ್ತರಿಸಿದವನು ಹುಚ್ಚನಲ್ಲ. ಅವನಿಗೆ ರಾಡ್ ಬದಲಿಸಬೇಕಿತ್ತು, ಗಾರ್ಡ್ ಬಿಡಲಿಲ್ಲ.

ಮಷಿನ್ ಸುಮ್ನೆ ಕೊರೆಯುತ್ತಾ ಇರುವಾಗ ಹೆಲ್ಪರಿಗೆ ರಾಡಿನ ಹತ್ತಿರ ಏನೂ ಕೆಲಸ ಇಲ್ಲ. ಆಗ ಬಾಗಿಲು ಮುಚ್ಚಿಯೇ ಇರಲಿ, ಯಾರಿಗೂ ತೊಂದರೆ ಇಲ್ಲ. ಅವನು ಹತ್ತಿರ ಬರೋದು ರಾಡ್ ಜೋಡಿಸುವಾಗ, ಬಿಚ್ಚುವಾಗ, ಆಗರಿಗೆ ಅಂಟಿದ ಮಣ್ಣು ಕೆರೆಯುವಾಗ. ಕೈ ಹೋಗೋದೂ ಆಗಲೇ. ಹಾಗಾಗಿ ಬಾಗಿಲು ತೆಗೆದಾಗ ಮಷಿನ್ ಪೂರ್ತಿ ಸತ್ತುಹೋಗೋ ಹಾಗೆ ಮಾಡಿದರೂ ಕಷ್ಟ, ಪೂರ್ತಿ ಜೋರಾಗಿ ತಿರುಗಲು ಬಿಟ್ಟರೂ ಕಷ್ಟ. ಮಧ್ಯದ ದಾರಿ ಬೇಕು. ಯೂರೋಪಿನಲ್ಲಿ ಡ್ರಿಲ್ಲಿಂಗ್ ಮಷಿನ್‌ಗಳಿಗೆ ಇಎನ್ 791 ಅಂತ ಒಂದು ಸ್ಟ್ಯಾಂಡರ್ಡ್ ಇತ್ತು. 2014ರಲ್ಲಿ ಅದರ ಜಾಗಕ್ಕೆ ಇಎನ್ 16228 ಬಂತು. ಅದರ ದಾರಿ ಇದೇ. ಬಾಗಿಲು ಮುಚ್ಚಿದ್ದರೆ ಪೂರ್ತಿ ವೇಗ. ಬಾಗಿಲು ತೆರೆದರೆ ತಿರುಗೋದು ತಾನಾಗಿ ನಿಲ್ಲಬೇಕು. ತೆರೆದೇ ತಿರುಗಿಸಬೇಕಾದರೆ ನಿಮಿಷಕ್ಕೆ 30 ಸುತ್ತು ಮೀರಬಾರದು, ಅದೂ ಆಪರೇಟರ್ ಲಿವರ್ ಅಥವಾ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ. ಕೈ ಬಿಟ್ಟರೆ ನಿಲ್ಲಬೇಕು. ರಾಡಿನ ತ್ರೆಡ್ ಹಿಡಿಸಲು ಅಷ್ಟು ವೇಗ ಧಾರಾಳ ಆಯಿತು. ನಾನು ಮಾಡುವಾಗ ಇನ್ನೂ ಕಮ್ಮಿ ಇಡುತ್ತೇನೆ.

ಮೂವತ್ತು ಸುತ್ತೂ ಅಪಾಯ ಅಂತ ಈಗ ತಾನೇ ಬರೆದೆ, ಈಗ ಮೂವತ್ತಕ್ಕೆ ಒಪ್ಪುತ್ತಿದ್ದೇನೆ ಅಂತ ಕೇಳಬಹುದು. ವ್ಯತ್ಯಾಸ ಒತ್ತಿ ಹಿಡಿಯೋದರಲ್ಲಿ ಇದೆ. ಆಪರೇಟರಿನ ಕಣ್ಣು ಹೆಲ್ಪರಿನ ಮೇಲೆ ಇರುತ್ತದೆ, ಕೈ ಬಟನ್ ಮೇಲೆ ಇರುತ್ತದೆ. ಲಿವರ್ ಲಾಕ್ ಮಾಡಿ ಟೀ ಕುಡಿಯಲು ಹೋಗುವ ಹಾಗಿಲ್ಲ.

ನಿಮ್ಮ ಹಳೇ ಕ್ರಾಲರಿನಲ್ಲಿ ಇದನ್ನು ಮಾಡೋದು ಅಂಥ ದೊಡ್ಡ ಕೆಲಸವಲ್ಲ. ರೊಟೇಷನ್ ಮೋಟರಿಗೆ ಹೋಗುವ ಲೈನಿನಲ್ಲಿ ಕರೆಂಟಿನಿಂದ ಕೆಲಸ ಮಾಡುವ ಒಂದು ಸೊಲೆನಾಯ್ಡ್ ವಾಲ್ವ್ ಹಾಕಬೇಕು. ಕರೆಂಟ್ ಇದ್ದರೆ ಮಾತ್ರ ಎಣ್ಣೆ ಮೋಟರಿಗೆ ಹೋಗಬೇಕು. ಕರೆಂಟ್ ಇಲ್ಲದಿದ್ದರೆ ಟ್ಯಾಂಕಿಗೆ ವಾಪಸ್. ಉಲ್ಟಾ ಮಾಡಬೇಡಿ. ಕೆಲವು ಎಲೆಕ್ಟ್ರಿಷಿಯನ್‌ಗಳು ಬಾಗಿಲು ತೆಗೆದಾಗ ವಾಲ್ವಿಗೆ ಕರೆಂಟ್ ಬಂದು ಎಣ್ಣೆ ನಿಲ್ಲಿಸುವ ಹಾಗೆ ಜೋಡಿಸುತ್ತಾರೆ. ಆಗ ವೈರ್ ತುಂಡಾದರೆ ಗಾರ್ಡ್ ಇದ್ದೂ ಇಲ್ಲದ ಹಾಗೆ, ಯಾರಿಗೂ ತಿಳಿಯಲ್ಲ. ನಾನು ಹೇಳಿದ ಹಾಗೆ ಮಾಡಿದರೆ ವೈರ್ ತುಂಡಾದ ಕೂಡಲೇ ಮಷಿನ್ ನಿಲ್ಲುತ್ತದೆ, ಆಪರೇಟರ್ ಬೈಯುತ್ತಾನೆ, ನನಗೆ ಫೋನ್ ಬರುತ್ತದೆ. ಅಷ್ಟೇ ಬೇಕಾಗಿರೋದು. ನಿಧಾನ ವೇಗಕ್ಕೆ ಪಕ್ಕದಲ್ಲಿ ಒಂದು ಸಣ್ಣ ಬೈಪಾಸ್ ಲೈನ್, ಅದರಲ್ಲಿ ಫ್ಲೋ ಕಂಟ್ರೋಲ್ ವಾಲ್ವ್. ಹೊಂದಿಸಿದ ಮೇಲೆ ಅದರ ನಾಬ್ ಯಾರೂ ತಿರುಗಿಸದ ಹಾಗೆ ಸೀಲ್ ಹಾಕಿ. ಅಳೆಯೋದು ಸುಲಭ. ರಾಡಿನ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆಯಿರಿ, ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ, ಒಂದು ನಿಮಿಷದಲ್ಲಿ ಗೆರೆ ಎಷ್ಟು ಸಲ ಎದುರಿಗೆ ಬಂತು ಎಣಿಸಿ. ಎಣ್ಣೆ ಬಿಸಿಯಾದ ಮೇಲೆ ಇನ್ನೊಮ್ಮೆ ಎಣಿಸಿ. ನಮ್ಮ ಮೇ ತಿಂಗಳ ಬಿಸಿಲಿಗೆ ಎಣ್ಣೆ ನೀರಾಗುತ್ತದೆ, ಬೆಳಿಗ್ಗೆ ಇದ್ದ ವೇಗ ಮಧ್ಯಾಹ್ನ ಇರಲ್ಲ.

ಈ ವಾಲ್ವ್ ರೊಟೇಷನ್ ಲೈನಿಗೆ ಮಾತ್ರ ಇರಲಿ. ವಿಂಚು, ರಾಡ್ ಹಿಡಿಯುವ ಕ್ಲಾಂಪು, ಹೆಡ್ ಮೇಲೆ ಕೆಳಗೆ ಓಡಿಸುವ ಫೀಡಿನ ಎಣ್ಣೆ ಮುಟ್ಟಬೇಡಿ. ಬಾಗಿಲು ತೆಗೆದ ಕೂಡಲೇ ಕ್ಲಾಂಪ್ ಸಡಿಲವಾಗಿ ರಾಡ್ ಗುಂಡಿಗೆ ಇಳಿದರೆ ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದು ಮೈಮೇಲೆ ಎಳೆದುಕೊಂಡ ಹಾಗೆ.

ಬಾಗಿಲಿನ ಲಿಮಿಟ್ ಸ್ವಿಚ್ಚೇ ಎಲ್ಲಕ್ಕಿಂತ ಜಾಸ್ತಿ ಕೆಡೋದು, ಕೆಡಿಸೋದು. ಬಾಗಿಲು ಮುಚ್ಚಿದಾಗ ಒತ್ತಿಕೊಳ್ಳುವ ಸ್ವಿಚ್ ಒಂದನ್ನೇ ಹಾಕಿದರೆ ಒಂದು ತಾಮ್ರದ ತಂತಿ ಸುತ್ತಿದರೆ ಸಾಕು, ಬಾಗಿಲು ಮುಚ್ಚಿದೆ ಅಂತ ಮಷಿನ್ ನಂಬುತ್ತದೆ. ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದ್ದನ್ನೂ ನೋಡಿದ್ದೇನೆ. ಅದಕ್ಕೆ ಎರಡು ಹಾಕಿ. ಒಂದು ಮುಚ್ಚಿದಾಗ ಒತ್ತಿಕೊಳ್ಳಬೇಕು, ಇನ್ನೊಂದು ತೆಗೆದಾಗ ಕೀಲಿನ ಹತ್ತಿರ ಇರುವ ಕ್ಯಾಮ್ ಬಂದು ಒತ್ತಬೇಕು. ಎರಡೂ ಒಪ್ಪಿದರೆ ಮಾತ್ರ ಕರೆಂಟ್. ಎರಡನ್ನೂ ಒಟ್ಟಿಗೆ ಏಮಾರಿಸೋದು ಕಷ್ಟ. ಬಾಗಿಲು ಮುಚ್ಚಿದ ಮಾತ್ರಕ್ಕೆ ರಾಡ್ ತಿರುಗಲು ಶುರುವಾಗಬಾರದು, ಆಪರೇಟರ್ ರಿಸೆಟ್ ಬಟನ್ ಒತ್ತಬೇಕು. ಒಳಗೆ ಹೆಲ್ಪರ್ ಬಗ್ಗಿರುವಾಗ ಗಾಳಿಗೆ ಬಾಗಿಲು ಮುಚ್ಚಿಕೊಂಡರೆ ಏನಾಗುತ್ತದೆ ಯೋಚಿಸಿ.

ಇನ್ನು ಮಣ್ಣು ಕೆರೆಯೋದು. ಮಷಿನ್ ಮಾರುವವರು ಇದನ್ನು ಲೆಕ್ಕಕ್ಕೇ ಹಿಡಿಯಲ್ಲ. ಮರಳು ಮಣ್ಣಿನಲ್ಲಿ ಆಗರ್ ಮೇಲೆ ಬಂದಾಗ ಒಮ್ಮೆ ಕೊಡವಿದರೆ ಬೀಳುತ್ತದೆ. ನಮ್ಮ ಎರೆ ಬೀಳಲ್ಲ. ಒಂದು ಮಳೆ ಆದ ಮೇಲಂತೂ ಆಗರಿನ ಎಲೆಗಳ ನಡುವೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ, ಆಗರ್ ಕಾಣೋದೇ ಇಲ್ಲ, ಕಪ್ಪು ಕಂಬದ ಹಾಗೆ ಮೇಲೆ ಬರುತ್ತದೆ. ಆಗ ಹೆಲ್ಪರ್ ಸಲಿಕೆ ಹಿಡಿದು ತಿರುಗುತ್ತಿರುವ ಆಗರಿಗೆ ಒತ್ತುತ್ತಾನೆ. ಸಲಿಕೆ ಎಲೆಗೆ ಸಿಕ್ಕರೆ ಅದರ ಹಿಡಿ ಅವನ ಹೊಟ್ಟೆಗೇ ಬರುತ್ತದೆ. ಕೆಲವರು ಬರಿಗೈಯಲ್ಲೇ ಕೀಳುತ್ತಾರೆ. ಇದಕ್ಕೆ ದೊಡ್ಡ ಪೈಲಿಂಗ್ ಮಷಿನ್‌ಗಳಲ್ಲಿ ಆಗರ್ ಕ್ಲೀನರ್ ಅಂತ ಇರುತ್ತದೆ. ಮಾಸ್ಟಿಗೇ ಕೂರಿಸಿದ ಒಂದು ಕೆರೆಯುವ ತೋಳು. ಆಗರ್ ಮೇಲೆ ಬರುವಾಗ ಅದೇ ಮಣ್ಣು ತಳ್ಳಿ ಕೆಡವುತ್ತದೆ, ಮನುಷ್ಯ ಬೇಡ. ನಿಮ್ಮ ಸಣ್ಣ ಮಷಿನಿಗೆ ಸ್ಪ್ರಿಂಗ್ ಹಾಕಿದ ಒಂದು ಪಟ್ಟಿ ಸಾಕು, ನಿಮ್ಮ ವೆಲ್ಡರ್ ಅರ್ಧ ದಿನದಲ್ಲಿ ಮಾಡುತ್ತಾನೆ. ಪೂರ್ತಿ ಬೀಳಲ್ಲ, ಒಪ್ಪುತ್ತೇನೆ. ಉಳಿದದ್ದನ್ನು ಆಗರ್ ನಿಲ್ಲಿಸಿ, ಉದ್ದ ಹಿಡಿಯ ಕುರ್ಪಿಯಲ್ಲಿ ಕೆರೆಯಬೇಕು. ಆ ಎರಡು ನಿಮಿಷಕ್ಕೆ ಸಂಜೆ ಒಂದು ಪೈಲ್ ಕಮ್ಮಿ ಆದರೂ ಆಗಲಿ ಬಿಡಿ.

ಟ್ರ್ಯಾಕ್ಟರಿಗೆ ಬರೋಣ. ಪಿಟಿಒ ನಿಮಿಷಕ್ಕೆ 540 ಸುತ್ತು. ಅಂದರೆ ಸೆಕೆಂಡಿಗೆ 9. 60 ಮಿ.ಮೀ. ಶಾಫ್ಟ್ ಅಂತ ಹಿಡಿದರೆ ಒಂದು ಸೆಕೆಂಡಿಗೆ 1.7 ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ನಮ್ಮ ಕಡೆ ಹೆಗಲ ಮೇಲಿನ ಟವೆಲ್ ಎಷ್ಟು ಉದ್ದ ಇರುತ್ತದೆ ನೀವೇ ಹೇಳಿ. ಒಂದೇ ಸೆಕೆಂಡು. ಹೊಸ ಶಾಫ್ಟಿನ ಜೊತೆ ಹಳದಿ ಅಥವಾ ಕಪ್ಪು ಪ್ಲಾಸ್ಟಿಕ್ ಕೊಳವೆ ಬಂದೇ ಬರುತ್ತದೆ. ಅದು ಶಾಫ್ಟಿನ ಜೊತೆ ತಿರುಗಬಾರದು, ಅದಕ್ಕೇ ಎರಡೂ ತುದಿಗೆ ಸಣ್ಣ ಚೈನ್ ಇರುತ್ತದೆ. ಚೈನನ್ನು ಟ್ರ್ಯಾಕ್ಟರಿಗೆ ಒಂದು ಕಡೆ, ಆಗರಿನ ಫ್ರೇಮಿಗೆ ಇನ್ನೊಂದು ಕಡೆ ಸಿಕ್ಕಿಸಬೇಕು. ನಮ್ಮವರು ಚೈನ್ ಕಟ್ಟೋದೇ ಇಲ್ಲ. ಕೊಳವೆ ಶಾಫ್ಟಿನ ಜೊತೆ ತಿರುಗಿ ಒಳಗಿನ ಬೇರಿಂಗ್ ಸವೆಯುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ, ಆಮೇಲೆ "ಪ್ಲಾಸ್ಟಿಕ್ ಬಾಳಿಕೆ ಬರಲ್ಲ" ಅಂತ ಕಿತ್ತು ಎಸೆಯುತ್ತಾರೆ. ಹೊಸ ಕೊಳವೆ ಬಿಡಿಯಾಗಿ ಸಿಗುತ್ತದೆ. ತಗಡು ಸುತ್ತಿ ವೆಲ್ಡ್ ಮಾಡಿಸಬೇಡಿ.

ಇನ್ನೊಂದು, ಶಿಯರ್ ಬೋಲ್ಟ್. ಆಗರ್ ಕಲ್ಲಿಗೆ ಸಿಕ್ಕಾಗ ಮುರಿಯಲಿ ಅಂತ ಇಟ್ಟಿರುವ ಬೋಲ್ಟ್ ಅದು. ಮುರಿದಾಗ ಕೈಗೆ ಸಿಕ್ಕಿದ ಉದ್ದದ ಹೈಟೆನ್ಸಿಲ್ ಬೋಲ್ಟ್ ಹಾಕುತ್ತಾರೆ. ಅದು ಮುರಿಯಲ್ಲ, ಗೇರ್‌ಬಾಕ್ಸ್ ಮುರಿಯುತ್ತದೆ. ಜೊತೆಗೆ ಅದರ ತುದಿ ಒಂದು ಇಂಚು ಹೊರಗೆ ಚಾಚಿರುತ್ತದೆ. ನಯವಾದ ಶಾಫ್ಟಿಗೆ ಬಟ್ಟೆ ಸಿಕ್ಕಿಕೊಳ್ಳಲು ಸ್ವಲ್ಪ ಹೊತ್ತಾದರೂ ಬೇಕು, ಈ ಬೋಲ್ಟಿಗೆ ಅಷ್ಟೂ ಬೇಡ. ನಿಮ್ಮ ಟ್ರ್ಯಾಕ್ಟರ್ ಹತ್ತಿರ ಹೋಗಿ ಮೊದಲು ಅದನ್ನು ನೋಡಿ.

ಎರೆಮಣ್ಣು_ಕಲಬುರಗಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್ ರೀ. ಆಪರೇಟರಿಗೆ ಓದಿ ಹೇಳಿದೆ. ಒತ್ತಿ ಹಿಡಿಯುವ ಬಟನ್ ವಿಷಯ ಕೇಳಿ "ಹಾಗಾದರೆ ನಡೀತದೆ" ಅಂದ. ಅವನು ಒಪ್ಪಿದರೆ ಅರ್ಧ ಕೆಲಸ ಆದ ಹಾಗೆ. ಬೋಲ್ಟ್ ಹೋಗಿ ನೋಡಿದೆ. ನೀವು ಹೇಳಿದ್ದೇ ಇದೆ, ಮೇಲೆ ಸೆಣಬಿನ ದಾರದ ಒಂದೆರಡು ಎಳೆ ಸುತ್ತಿಕೊಂಡಿತ್ತು, ಸಿಮೆಂಟ್ ಚೀಲದ್ದೋ ಏನೋ. ಇವತ್ತೇ ಬದಲಿಸಿದೆ.

ಈಗ ಎರಡು ಡೌಟ್. ವೆಲ್ಡರ್ ಹತ್ತಿರ ಕಾಂಪೌಂಡಿಗೆ ಹಾಕುವ ಎರಡು ಇಂಚಿನ ಚೈನ್‌ಲಿಂಕ್ ಜಾಲರಿ ರಾಶಿ ಬಿದ್ದಿದೆ, ಅಗ್ಗಕ್ಕೆ ಕೊಡ್ತೀನಿ ಅಂತಾನೆ. ನಡೆಯುತ್ತಾ? ಗಾರ್ಡ್ ಎಷ್ಟು ಎತ್ತರ ಬೇಕು? ಮಾಸ್ಟ್ ಪೂರ್ತಿ ಮುಚ್ಚಿದರೆ ಲಾರಿ ಮೇಲೆ ಸಾಗಿಸುವಾಗ ತೊಂದರೆ.

ಸೇಫ್ಟಿ_ಚಿತ್ತಾಪುರ:

ಜಾಲರಿ ಪ್ರಶ್ನೆಗೆ ನಾನು ಹೇಳುತ್ತೇನೆ, ದಿನಾ ಇದೇ ನೋಡುವ ಕೆಲಸ ನನ್ನದು. ಐಎಸ್ಒ 13857 ಅಂತ ಒಂದು ಸ್ಟ್ಯಾಂಡರ್ಡ್ ಇದೆ. ಎಷ್ಟು ದೊಡ್ಡ ತೂತಿನಿಂದ ಕೈ ಎಷ್ಟು ಒಳಗೆ ಹೋಗುತ್ತದೆ ಅನ್ನೋ ಅಳತೆ ಅದರಲ್ಲಿದೆ. ಚೌಕದ ತೂತು 20ರಿಂದ 30 ಮಿ.ಮೀ. ಇದ್ದರೆ ಜಾಲರಿ ತಿರುಗುವ ಭಾಗದಿಂದ ಕನಿಷ್ಠ 120 ಮಿ.ಮೀ. ದೂರ ಇರಬೇಕು. 30ರಿಂದ 40 ಆದರೆ 200. 40 ದಾಟಿದರೆ ಒಮ್ಮೆಲೇ 850 ಮಿ.ಮೀ. ಯಾಕೆ ಅಂದರೆ ಅಲ್ಲಿಂದ ಮುಂದೆ ಬೆರಳಲ್ಲ, ಭುಜದ ತನಕ ತೋಳೇ ಒಳಗೆ ಹೋಗುತ್ತದೆ ಅಂತ ಲೆಕ್ಕ. ಎರಡು ಇಂಚು ಅಂದರೆ 50 ಮಿ.ಮೀ. ನಿಮ್ಮ ಕ್ರಾಲರಿನ ಮುಂದೆ 850 ಮಿ.ಮೀ. ಬಿಟ್ಟು ಪಂಜರ ಕಟ್ಟಲು ಆಗುತ್ತಾ? ಆಗಲ್ಲ. 25 ಮಿ.ಮೀ. ವೆಲ್ಡ್ ಮೆಷ್ ತಗೊಳ್ಳಿ, ರಾಡಿನಿಂದ ಒಂದು ಗೇಣು ದೂರ ನಿಲ್ಲಿಸಿ, ಮುಗೀತು. ಚೈನ್‌ಲಿಂಕ್ ಸಡಿಲ ಬೇರೆ, ಒರಗಿದರೆ ಒಳಕ್ಕೆ ಬಾಗುತ್ತದೆ.

ಎತ್ತರ: ಅದೇ ಸ್ಟ್ಯಾಂಡರ್ಡಿನ ಪ್ರಕಾರ ಇಂಥ ಜೋರು ಅಪಾಯ ಇರುವ ಕಡೆ 2.7 ಮೀಟರ್ ಮೇಲೆ ಇದ್ದರೆ ಮಾತ್ರ ಕೈಗೆ ಎಟುಕಲ್ಲ ಅಂತ ಬಿಡಬಹುದು. ಆದರೆ ನೆಲದಿಂದ ಅಳೆಯಬೇಡಿ. ಹೆಲ್ಪರ್ ಎಲ್ಲಿ ನಿಲ್ಲುತ್ತಾನೋ ಅಲ್ಲಿಂದ ಅಳೆಯಿರಿ. ಕ್ರಾಲರಿನ ಚೈನ್ ಮೇಲೆ ಹತ್ತಿ ನಿಲ್ಲುವ ಅಭ್ಯಾಸ ಇದ್ದರೆ ಅಲ್ಲಿಂದ. ಸಾಗಿಸಲು ಮೇಲಿನ ಅರ್ಧ ಕೀಲಿನ ಮೇಲೆ ಮಡಚುವ ಹಾಗೆ ಮಾಡಿಸಿ.

ಕಾನೂನಿನ ಮಾತು ಬಂದಿಲ್ಲ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಾರ್ಖಾನೆ ಕಾಯ್ದೆ 1948ರ ಸೆಕ್ಷನ್ 21 ತಿರುಗುವ ಭಾಗಕ್ಕೆ ಭದ್ರವಾದ ಬೇಲಿ ಇರಬೇಕು ಅನ್ನುತ್ತಿತ್ತು. ಮೆಕ್ಯಾನಿಕ್ ಸಾಹೇಬರು ಹೇಳಿದ ಬೋಲ್ಟ್ ಕೂಡ ಆ ಕಾಯ್ದೆಯಲ್ಲಿತ್ತು. ಸೆಕ್ಷನ್ 26, ತಿರುಗುವ ಶಾಫ್ಟಿನ ಮೇಲಿನ ಸ್ಕ್ರೂ, ಬೋಲ್ಟ್, ಕೀ ಯಾವುದೂ ಹೊರಗೆ ಚಾಚಿರಬಾರದು ಅಥವಾ ಮುಚ್ಚಿರಬೇಕು ಅಂತಿತ್ತು. 1948ರಲ್ಲೇ ಬರೆದಿಟ್ಟಿದ್ದಾರೆ ನೋಡಿ. ಕಟ್ಟಡ ಕೆಲಸದ ಸೈಟುಗಳಿಗೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ಅದರ ಕೆಳಗಿನ ನಿಯಮಗಳು ಇದ್ದವು. ಈಗ ಇವೆರಡನ್ನೂ ಸೇರಿಸಿ 13 ಕಾನೂನುಗಳನ್ನು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ತಂದಿದ್ದಾರೆ. ಯಾವ ಹೆಸರಿನಲ್ಲಿ ಬಂದರೂ ಗೇಟಿನಲ್ಲಿ ಕೇಳೋದು ಇದೇ ಪ್ರಶ್ನೆ. ಹಾಗಂತ ಆ ಆಫೀಸರ್ ಮೇಲೆ ಸಿಟ್ಟು ಬೇಡ. ಏನಾದರೂ ಆದರೆ ಮೊದಲು ಅವರನ್ನೇ ಕೂರಿಸಿ ಕೇಳುತ್ತಾರೆ.

ಟವೆಲ್ ವಿಷಯ ನಾನೂ ಸೇರಿಸುತ್ತೇನೆ. ಬಿಸಿಲಿಗೆ ತಲೆಗೆ ಸುತ್ತಿಕೊಳ್ಳುವ ಟವೆಲ್ ತೆಗೆಸೋದು ಕಷ್ಟದ ಕೆಲಸ, 43 ಡಿಗ್ರಿಯಲ್ಲಿ "ತೆಗಿ" ಅಂದರೆ ಯಾರು ಕೇಳುತ್ತಾರೆ? ಹೆಲ್ಮೆಟ್ ಹಿಂದೆ ಸಿಕ್ಕಿಸುವ ಕುತ್ತಿಗೆ ಬಟ್ಟೆ ಸಿಗುತ್ತದೆ, ಎರಡೂ ತುದಿ ಅಂಟಿಕೊಂಡಿರುತ್ತದೆ, ಜೋತು ಬೀಳಲ್ಲ. ಅದನ್ನು ಕೊಡಿಸಿ. ಕೈಗೆ ಕಟ್ಟಿಕೊಂಡ ದಾರ ಇನ್ನೂ ನಾಜೂಕಿನ ವಿಷಯ. ಶರಣಬಸವೇಶ್ವರ ಗುಡಿಯದ್ದೋ, ಬಂದೇ ನವಾಜ್ ದರ್ಗಾದ್ದೋ ಇರುತ್ತದೆ. ಬಿಚ್ಚು ಅನ್ನಬೇಡಿ. ಬಿಗಿ ತೋಳಿನ ಅಂಗಿ ಕೊಟ್ಟು, ದಾರ ಅದರೊಳಗೆ ಹೋಗುವ ಹಾಗೆ ಗುಂಡಿ ಹಾಕಿಸಿ. ಮತ್ತೆ ಸಡಿಲ ಗ್ಲೌಸ್ ಹಾಕಿಕೊಂಡು ತಿರುಗುವ ರಾಡ್ ಹಿಡಿಯೋದು ಬರಿಗೈಗಿಂತ ಕೆಟ್ಟದ್ದು. ಅದನ್ನು ಸೇಫ್ಟಿ ಅಂದುಕೊಂಡಿರುವವರು ಬಹಳ ಜನ ಇದ್ದಾರೆ.

ಸುರಪುರ_ಬೋರ್‌ವೆಲ್:

8 ಟನ್ ಲೆಕ್ಕ ನಾನೂ ಹಾಕಿ ನೋಡಿದೆ, ಸರಿ ಬಂತು. ಆಯ್ತು, ಗಾರ್ಡ್ ಬೇಕು ಅಂತ ಒಪ್ಪುತ್ತೇನೆ. ಆದರೆ ನಮ್ಮಲ್ಲಿ ರಾಡ್ ಬಿಚ್ಚೋದು ದೊಡ್ಡ ಪೈಪ್ ಸ್ಪಾನರಿನಲ್ಲಿ. ಸ್ಪಾನರ್ ಕಚ್ಚಿಸಿ, ಅದರ ಹಿಡಿ ಮಾಸ್ಟಿಗೆ ತಾಗಿಸಿ, ಮೇಲಿಂದ ಹೆಡ್ ಉಲ್ಟಾ ತಿರುಗಿಸಿದರೆ ಕೀಲು ಸಡಿಲ ಆಗುತ್ತದೆ. ಬಾಗಿಲು ತೆಗೆದು, ನಿಧಾನ ವೇಗದಲ್ಲಿ, ಬಟನ್ ಒತ್ತಿ ಹಿಡಿದು ಇದನ್ನು ಮಾಡಬಹುದಾ? ವೇಗ ಕಮ್ಮಿ ಇದ್ದರೂ ಟಾರ್ಕ್ ಅಷ್ಟೇ ಇರುತ್ತದಲ್ಲ?

ಬೀದರ್_ರಿಗ್_ಮೆಕ್ಯಾನಿಕ್:

ಸರಿಯಾದ ಪ್ರಶ್ನೆ. ಬೈಪಾಸ್ ಲೈನ್ ಎಣ್ಣೆ ಕಮ್ಮಿ ಮಾಡುತ್ತದೆ, ಪ್ರೆಷರ್ ಕಮ್ಮಿ ಮಾಡಲ್ಲ. ಟಾರ್ಕ್ ಪೂರ್ತಿ ಇರುತ್ತದೆ. ಸ್ಪಾನರ್ ಜಾರಿದರೆ ಅದು ಬೀಸಿಕೊಂಡು ಬರುವ ದಾರಿಯಲ್ಲಿ ಹೆಲ್ಪರಿನ ಮೊಣಕೈ, ಪಕ್ಕೆಲುಬು ಇರುತ್ತದೆ. ಹಾಗಾಗಿ ನಿಧಾನ ವೇಗ ರಾಡ್ ಜೋಡಿಸಲು, ತ್ರೆಡ್ ಹಿಡಿಸಲು ಮಾತ್ರ. ಬಿಗಿಯಾದ ಕೀಲು ಬಿಡಿಸಲು ಹೈಡ್ರಾಲಿಕ್ ಬ್ರೇಕ್‌ಔಟ್ ಕ್ಲಾಂಪೇ ಬೇಕು. ಕೆಳಗಿನ ಜೋಡಿ ಹಿಡಿಯುತ್ತದೆ, ಮೇಲಿನದು ತಿರುಗಿಸುತ್ತದೆ, ಮನುಷ್ಯನ ಕೈ ಅಲ್ಲಿ ಇರಲ್ಲ. ಬಾಗಿಲು ಮುಚ್ಚಿಯೇ ಮಾಡಬಹುದು. ಹಳೇ ಮಷಿನಿಗೂ ಕೂರಿಸಬಹುದು, ದುಡ್ಡು ಗಾರ್ಡಿಗಿಂತ ಜಾಸ್ತಿ ಆಗುತ್ತದೆ, ಅದನ್ನು ಮುಚ್ಚಿಡಲ್ಲ.

ಅದು ಬರುವ ತನಕ ಸ್ಪಾನರಿನಲ್ಲೇ ಮಾಡಬೇಕು ಅಂದರೆ ಹೀಗೆ ಮಾಡಿ. ಸ್ಪಾನರ್ ಹಿಡಿ ತಾಗುವ ಕಡೆ ಮಾಸ್ಟಿಗೆ ಒಂದು ಯು ಆಕಾರದ ಗೂಡು ವೆಲ್ಡ್ ಮಾಡಿಸಿ, ಹಿಡಿ ಅದರೊಳಗೆ ಕೂರಬೇಕು, ಪಿನ್ ಹಾಕಬೇಕು. ಹೆಲ್ಪರ್ ಸ್ಪಾನರ್ ಕೂರಿಸಿ, ಹೊರಗೆ ಬಂದು, ಬಾಗಿಲು ಮುಚ್ಚಿ, ಆಪರೇಟರಿಗೆ ಕೈ ತೋರಿಸಿದ ಮೇಲೆ ಹೆಡ್ ತಿರುಗಲಿ. ಒಂದು ಕೈಯಲ್ಲಿ ಸ್ಪಾನರ್ ಹಿಡಿದು ಇನ್ನೊಂದು ಕೈಯಲ್ಲಿ "ಹೂಂ ತಿರುಗಿಸು" ಅನ್ನೋದು ಬೇಡವೇ ಬೇಡ. ಕಲ್ಲಿಗೆ ಸಿಕ್ಕಿಬಿದ್ದ ರಾಡ್ ಆದರೆ ಇನ್ನೂ ಹುಷಾರು. ಹೆಡ್ ನಿಲ್ಲಿಸಿದರೂ ಉದ್ದ ರಾಡಿನೊಳಗೆ ತಿರುಚು ಉಳಿದಿರುತ್ತದೆ, ಬಾಗಿಲು ತೆಗೆದ ಮೇಲೆ ಹಿಂದಕ್ಕೆ ತಿರುಗಿ ಬಿಡಬಹುದು. ಮೊದಲು ಲಿವರ್ ನಿಧಾನಕ್ಕೆ ಉಲ್ಟಾ ಕಡೆ ತಂದು ಬಿಗಿ ಇಳಿಸಿ, ಆಮೇಲೆ ಬಾಗಿಲು.

ಕಲಬುರಗಿಯವರೇ, ಇನ್ನೊಂದು ಮಾತು. ರಾಡಿನ ಹತ್ತಿರ ಎಳೆದರೆ ನಿಲ್ಲುವ ಹಗ್ಗ ಹಾಕಿ ಅದನ್ನೇ ಗಾರ್ಡ್ ಅಂತ ತೋರಿಸೋಣ ಅಂತ ಯಾರಾದರೂ ಸಲಹೆ ಕೊಡಬಹುದು, ಅಗ್ಗ ಅಂತ. ಅದು ಇರಲಿ, ಒಳ್ಳೆಯದೇ. ಆದರೆ ಅದು ಕೆಲಸ ಮಾಡೋದು ಮನುಷ್ಯ ಸಿಕ್ಕಿಕೊಂಡ ಮೇಲೆ. ಬಾಗಿಲಿನ ಜೊತೆಗೆ ಹಾಕಿ, ಬಾಗಿಲಿನ ಬದಲಿಗೆ ಅಲ್ಲ.

ಎರೆಮಣ್ಣು_ಕಲಬುರಗಿ:

25 ಮಿ.ಮೀ. ಮೆಷ್, ಎರಡು ಸ್ವಿಚ್, ರೊಟೇಷನ್ ಲೈನಿಗೆ ಮಾತ್ರ ವಾಲ್ವ್, ಮೇಲಿನ ಅರ್ಧ ಮಡಚುವ ಹಾಗೆ. ಇಷ್ಟನ್ನು ಸ್ಕೆಚ್ ಮಾಡಿ ಫ್ಯಾಕ್ಟರಿಯ ಸೇಫ್ಟಿ ಆಫೀಸರಿಗೆ ಕಳಿಸಿದೆ, ಕಟ್ಟಿಸುವ ಮೊದಲೇ ನೋಡಿ ಹೇಳಿ ಅಂತ. ನಿಧಾನ ವೇಗಕ್ಕೆ ಬದಲಿಸುವ ಸೆಲೆಕ್ಟರಿಗೆ ಕೀಲಿ ಇರಬೇಕು, ಆ ಕೀಲಿ ಯಾರ ಹತ್ತಿರ ಇರುತ್ತದೆ ಬರೆದು ಕೊಡಿ ಅಂತ ಕೇಳಿದ್ದಾರೆ. ಆಪರೇಟರ್ ಹತ್ತಿರವೇ ಇರಲಿ ಅಂತ ನನ್ನ ಮನಸ್ಸು. ಸೂಪರ್‌ವೈಸರ್ ಕಿಸೆಯಲ್ಲಿ ಇಟ್ಟರೆ ಪ್ರತಿ ರಾಡಿಗೂ ಅವನನ್ನು ಹುಡುಕಬೇಕು, ಆಮೇಲೆ ಕೀಲಿ ಮಷಿನಿನಲ್ಲೇ ಉಳಿದುಬಿಡುತ್ತದೆ. ಏನಂತೀರಿ?

ಬೀದರ್_ರಿಗ್_ಮೆಕ್ಯಾನಿಕ್:

ಆಪರೇಟರ್ ಹತ್ತಿರವೇ ಇರಲಿ. ಆದರೆ ಒಂದೇ ಕೀಲಿ ಇಡಿ, ಎರಡನೆಯದನ್ನು ನಿಮ್ಮ ಮನೆ ಬೀರುವಿನಲ್ಲಿ. ಇನ್ನೊಂದು, ಪೂರ್ತಿ ವೇಗದಲ್ಲಿ ಬಾಗಿಲು ತೆಗೆಯುವ ಆಯ್ಕೆ ಆ ಸೆಲೆಕ್ಟರಿನಲ್ಲಿ ಇರಲೇಬಾರದು. ಎಲೆಕ್ಟ್ರಿಷಿಯನ್ "ಟೆಸ್ಟಿಂಗಿಗೆ ಬೇಕಾಗುತ್ತೆ" ಅಂತ ಮೂರನೇ ಪೊಸಿಷನ್ ಇಟ್ಟಿರುತ್ತಾನೆ. ತೆಗೆಸಿ. ವಾಲ್ವ್ ಕೂರಿಸುವ ದಿನ ಫೋಟೋ ಹಾಕಿ, ಹೋಸ್ ಲೈನ್ ಸರಿ ಇದೆಯಾ ನೋಡಿ ಹೇಳುತ್ತೇನೆ.